ಸಭಾಂಗಣಕ್ಕಿಂತ ಮೊದಲು ಹಾಜರಿ ಪಟ್ಟಿ

ಮಾನ್ಯ ಸಂಪಾದಕರೇ,

ಹೈಸ್ಕೂಲು ಮುಗಿಸಿ ಮೂವತ್ತು, ನಲವತ್ತು ವರ್ಷ ಕಳೆದವರು ಮತ್ತೆ ಒಂದೆಡೆ ಸೇರಿದ ಸುದ್ದಿ ಪತ್ರಿಕೆಯ ಒಳಪುಟಗಳಲ್ಲಿ ಆಗಾಗ ಕಾಣುತ್ತದೆ. ಚಿತ್ರದಲ್ಲಿ ವೇದಿಕೆ, ಬ್ಯಾನರು, ಸಾಲಾಗಿ ನಿಂತವರು. ಆ ತರಗತಿಯಲ್ಲಿ ಓದಿದವರು ಒಟ್ಟು ಎಷ್ಟು, ಅವರಲ್ಲಿ ಎಷ್ಟು ಮಂದಿಗೆ ಸುದ್ದಿ ಮುಟ್ಟಿತು, ಬಂದವರಲ್ಲಿ ಕೂತು ಮಾತಾಡಿದವರು ಎಷ್ಟು ಎಂಬ ಮೂರು ಲೆಕ್ಕ ಮಾತ್ರ ಎಲ್ಲೂ ಇರುವುದಿಲ್ಲ. ಸಹಪಾಠಿಗಳ ಸಮಾವೇಶ ಕೆಡುವುದು ಹೆಚ್ಚಾಗಿ ಈ ಮೂರರಲ್ಲೇ. ಇಂಥದ್ದೊಂದನ್ನು ಮಾಡಹೊರಟವರಿಗೆ ಉಪಯೋಗವಾದೀತೆಂದು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮೆಯಿರಲಿ.

ಸಾಮಾನ್ಯವಾಗಿ ನಡೆಯುವುದು ಹೀಗೆ: ಸಂಪರ್ಕದಲ್ಲಿರುವ ಏಳೆಂಟು ಗೆಳೆಯರು ಒಂದು ದಿನ ಉತ್ಸಾಹಗೊಂಡು ಮೊದಲು ಸಭಾಂಗಣ ಗೊತ್ತು ಮಾಡುತ್ತಾರೆ, ಆಮೇಲೆ ಜನ ಹುಡುಕುತ್ತಾರೆ. ಇದು ತಿರುವುಮುರುವು. ಸಭಾಂಗಣ ಎರಡು ದಿನದಲ್ಲಿ ಸಿಗುತ್ತದೆ, ಪಟ್ಟಿಗೆ ನಾಲ್ಕರಿಂದ ಆರು ತಿಂಗಳು ಬೇಕು. ಇಡೀ ಕೆಲಸಕ್ಕೆ ಒಂದು ವರ್ಷ ಇಟ್ಟುಕೊಂಡರೆ ಅದರ ಮೊದಲರ್ಧ ಪೂರ್ತಿ ಹುಡುಕಾಟಕ್ಕೇ ಹೋಗಬೇಕು.

ಹುಡುಕಾಟ ಆರಂಭವಾಗಬೇಕಾದ್ದು ಶಾಲೆಯ ದಾಖಲೆಯಿಂದ. ಪ್ರವೇಶ ಪುಸ್ತಕ, ಹಾಜರಿ ಪುಸ್ತಕ, ಅಂಕಪಟ್ಟಿ, ಇವುಗಳಲ್ಲಿ ಒಂದಾದರೂ ಉಳಿದಿರುತ್ತದೆ. ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಟ್ಟು, ಅಲ್ಲೇ ಕೂತು ಹೆಸರುಗಳನ್ನಷ್ಟೇ ಬರೆದುಕೊಂಡರೆ ಸಾಕು. ಅಂಕ, ವಿಳಾಸ, ತಂದೆಯ ಉದ್ಯೋಗ ನಮಗೆ ಬೇಡ. ಕೊನೆಯ ವರ್ಷದ ಪಟ್ಟಿಯೊಂದನ್ನೇ ನಂಬಿದರೆ ನಡುವೆ ಶಾಲೆ ಬಿಟ್ಟವರು, ಅನುತ್ತೀರ್ಣರಾಗಿ ಹಿಂದುಳಿದವರು, ಊರು ಬದಲಿಸಿ ಹೋದವರು ಜಾರಿಹೋಗುತ್ತಾರೆ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತು ಪರೀಕ್ಷೆಗೆ ಮುಂಚೆ ಓದು ನಿಂತವನು ಸಹಪಾಠಿಯಲ್ಲವೇ? ಪ್ರವೇಶ ಪಡೆದ ವರ್ಷದಿಂದ ಕೊನೆಯ ವರ್ಷದವರೆಗಿನ ಎಲ್ಲ ಪಟ್ಟಿಗಳನ್ನೂ ಒಟ್ಟುಮಾಡಿ. ಹೆಸರುಗಳ ಸಂಖ್ಯೆ ಗಣನೀಯವಾಗಿ ಹೆಚ್ಚುತ್ತದೆ. ಹಾಗೆ ಸೇರಿಕೊಂಡವರಲ್ಲೇ 'ನನ್ನನ್ನೂ ನೆನಪಿಟ್ಟುಕೊಂಡಿದ್ದೀರಾ' ಎನ್ನುವವರು ಇರುತ್ತಾರೆ.

ದಾಖಲೆ ಸಿಗದಿದ್ದರೆ ನೆನಪಿನ ಮೊರೆ ಹೋಗಬೇಕು. ಅದಕ್ಕೂ ಒಂದು ಕ್ರಮವಿದೆ. 'ನಮ್ಮ ಕ್ಲಾಸಿನಲ್ಲಿ ಯಾರ್‍ಯಾರಿದ್ದರು ಹೇಳು' ಎಂದು ಕೇಳಿದರೆ ಹದಿನೈದು ಹೆಸರಿಗೆ ಮಾತು ನಿಲ್ಲುತ್ತದೆ. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವಿಷಯದ್ದು. ಹೈಸ್ಕೂಲು ಓದಿದ 392 ಮಂದಿಯನ್ನು ಅವರು ಪರೀಕ್ಷಿಸಿದರು. ಸಹಪಾಠಿಗಳ ಹೆಸರನ್ನು ತಾವಾಗಿ ನೆನಪಿಸಿಕೊಳ್ಳುವ ಶಕ್ತಿ ವರ್ಷ ಕಳೆದಂತೆ ಕುಸಿದಿತ್ತು. ಹಳೆಯ ಭಾವಚಿತ್ರ ಮುಂದಿಟ್ಟಾಗ ಗುರುತಿಸುವ ಶಕ್ತಿ ಮಾತ್ರ ಮೂವತ್ತು ವರ್ಷ ದಾಟಿದರೂ ಶೇ 90ರ ಆಸುಪಾಸಿನಲ್ಲೇ ಇತ್ತು. ಹಾಗಾಗಿ ಬಾಯಿಮಾತಿನ ಪ್ರಶ್ನೆ ಬಿಟ್ಟು ತರಗತಿಯ ಗ್ರೂಪ್ ಫೋಟೊ ಹುಡುಕಬೇಕು. ಒಬ್ಬರ ಮನೆಯಲ್ಲಾದರೂ ಅದು ಇದ್ದೇ ಇರುತ್ತದೆ.

ಆ ಫೋಟೊವನ್ನು ಮೊಬೈಲಿನಲ್ಲಿ ಆತುರವಾಗಿ ಕ್ಲಿಕ್ಕಿಸಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಹಿಂದಿನ ಸಾಲಿನವರ ಮುಖ ಮಸಿಯಾಗುತ್ತದೆ. ಸ್ಕ್ಯಾನರ್‌ನಲ್ಲಿ ಇಂಚಿಗೆ 600 ಚುಕ್ಕೆಗಳ ಸಾಂದ್ರತೆ ಇಟ್ಟು ಸ್ಕ್ಯಾನ್ ಮಾಡಿಸಿ. ಗ್ರೂಪ್ ಫೋಟೊದಲ್ಲಿ ಮುಖವೊಂದು ಒಂದು ಸೆಂಟಿಮೀಟರ್ ಅಗಲವಿದ್ದರೆ ಈ ಸಾಂದ್ರತೆಯಲ್ಲಿ ಸುಮಾರು 236 ಪಿಕ್ಸೆಲ್ ಸಿಗುತ್ತದೆ, ಹಿಗ್ಗಿಸಿ ನೋಡಲು ಅಷ್ಟು ಸಾಕು. 300 ಇಟ್ಟರೆ ಅದರ ಅರ್ಧ. ಚೌಕಟ್ಟಿನ ಗಾಜಿಗೆ ಫೋಟೊ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಮುಖಗಳೇ ಕಿತ್ತುಬರುತ್ತವೆ. ಗಾಜಿನ ಮೇಲಿಂದಲೇ ತೆಗೆಯಿರಿ: ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ, ಮೊಬೈಲಿನ ಹಿಂದೆ ಒಬ್ಬರು ಕಪ್ಪು ಬಟ್ಟೆ ಹಿಡಿದು ನಿಂತರೆ ಪ್ರತಿಫಲನ ಅಡಗುತ್ತದೆ. ಕಳಿಸುವಾಗ ಚಿತ್ರವಾಗಿ ಕಳಿಸದೆ ಡಾಕ್ಯುಮೆಂಟಾಗಿ ಕಳಿಸಿ; ಚಿತ್ರವಾಗಿ ಹೋದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸಿಬಿಡುತ್ತದೆ. ನಂತರ ಪ್ರತಿ ಮುಖಕ್ಕೂ ಒಂದು ಅಂಕಿ ಕೊಟ್ಟು, ಆ ಪ್ರತಿಯನ್ನು ಹತ್ತು ಜನರಿಗೆ ಬೇರೆಬೇರೆಯಾಗಿ ಕಳಿಸಬೇಕು. ಗುಂಪಿಗೆ ಹಾಕಿದರೆ ಮೊದಲು ಉತ್ತರಿಸಿದವನ ತಪ್ಪನ್ನೇ ಉಳಿದವರೂ ಒಪ್ಪಿಕೊಂಡುಬಿಡುತ್ತಾರೆ.

ಪಟ್ಟಿಗೆ ಒಂದು ಎಕ್ಸೆಲ್ ಹಾಳೆ ಸಾಕು. ಶಾಲೆಯಲ್ಲಿದ್ದ ಹೆಸರು, ಈಗಿನ ಹೆಸರು, ಸಂಪರ್ಕ, ಹುಡುಕುವ ಹೊಣೆ ಯಾರದು, ಯಾವ ದಿನ ಮಾತಾಡಿದ್ದು, ಏನೆಂದರು ಎಂಬ ಆರು ಕಾಲಂ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳನ್ನು ಫೇಸ್‌ಬುಕ್‌ನಲ್ಲಿ ಹಳೆಯ ಹೆಸರಿನಿಂದ ಹುಡುಕಿ ಫಲವಿಲ್ಲ. ಅವರ ತಮ್ಮನೋ ತಂಗಿಯೋ ಅದೇ ಶಾಲೆಯಲ್ಲಿ ಕೆಳಗಿನ ತರಗತಿಯಲ್ಲಿ ಓದಿರುವ ಸಂಭವ ಹೆಚ್ಚು, ಆ ದಾರಿ ಹಿಡಿಯಿರಿ. ಹೆಣ್ಣುಮಕ್ಕಳಿಗೆ ಮೊದಲ ಕರೆಯನ್ನು ಸಹಪಾಠಿ ಹೆಣ್ಣುಮಕ್ಕಳೇ ಮಾಡಿದರೆ ಒಳ್ಳೆಯದು. ಒಬ್ಬರಿಗೆ ಐದು ಹೆಸರಿಗಿಂತ ಹೆಚ್ಚು ಹೊಣೆ ಕೊಡಬಾರದು. ಹದಿನೈದು ಕೊಟ್ಟರೆ ಅವರು ಸುಲಭವಾಗಿ ಸಿಗುವ ಮೂವರನ್ನು ಹಿಡಿದು ಕೈಚೆಲ್ಲುತ್ತಾರೆ.

ತೀರಿಕೊಂಡವರ ವಿಷಯದಲ್ಲಿ ಎಚ್ಚರ ಎರಡು ಪಟ್ಟು ಇರಬೇಕು. 'ಅವನು ಹೋಗಿಬಿಟ್ಟನಂತೆ' ಎಂಬ ಮಾತಿನ ಆಧಾರದ ಮೇಲೆ ಬದುಕಿರುವವರ ಹೆಸರು ಶ್ರದ್ಧಾಂಜಲಿ ಫಲಕಕ್ಕೆ ಏರುವ ಅಪಾಯ ತಮಾಷೆಯದಲ್ಲ. ಒಂದೇ ಹೆಸರಿನ ಇಬ್ಬರು ಇದ್ದ ತರಗತಿಯಲ್ಲಂತೂ ಈ ತಪ್ಪು ಬಹಳ ಸುಲಭ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರಿಂದ ಖಚಿತವಾಗಬೇಕು, ಆ ಇಬ್ಬರಲ್ಲಿ ಒಬ್ಬರು ಮನೆಯವರೇ ಆಗಿರಬೇಕು. ಮನೆಯವರನ್ನು ಕೇಳುವ ನೆಪದಲ್ಲಿ ಹಳೆಯ ಫೋಟೊದ ಒಂದು ಪ್ರತಿ ಅವರಿಗೂ ತಲುಪಿಸಬಹುದು.

ಹಾಗೆಯೇ, ಬರಲು ಮನಸ್ಸಿಲ್ಲದವರೂ ಇರುತ್ತಾರೆ. ಶಾಲೆಯ ದಿನಗಳು ಎಲ್ಲರಿಗೂ ಸಿಹಿಯಾಗಿರಲಿಲ್ಲ. ದಿನಾ ಗೇಲಿಗೆ ಗುರಿಯಾದವರಿಗೆ ಆ ಮುಖಗಳನ್ನು ಮತ್ತೆ ನೋಡಬೇಕೆನಿಸದಿದ್ದರೆ ಅದು ಅವರ ಹಕ್ಕು. ಒಂದು ಫೋನು, ಒಂದು ಸಂದೇಶ, ಅಲ್ಲಿಗೆ ನಿಲ್ಲಿಸಿ. ಹತ್ತು ಜನ ಸರದಿಯಲ್ಲಿ ಕರೆ ಮಾಡಿ 'ನೀನು ಬರಲೇಬೇಕು' ಎನ್ನುವುದು ಪ್ರೀತಿಯಂತೆ ಕಂಡರೂ ಕಿರುಕುಳವೇ.

ವಾಟ್ಸ್‌ಆ್ಯಪ್ ಗುಂಪಿನ ವಿಚಾರ. ಒಂದೇ ಗುಂಪು ಮಾಡಿದರೆ ಶುಭೋದಯದ ಹೂವು, ರಾಜಕೀಯದ ವಾಗ್ವಾದ, ಯಾರೋ ಕಳಿಸಿದ ವಿಡಿಯೊಗಳ ಅಡಿಯಲ್ಲಿ ದಿನಾಂಕ ಹೂತುಹೋಗುತ್ತದೆ. ಎರಡು ಗುಂಪು ಬೇಕು: ಅಡ್ಮಿನ್‌ಗಳು ಮಾತ್ರ ಬರೆಯಬಲ್ಲ ಪ್ರಕಟಣೆಯ ಗುಂಪೊಂದು, ಹರಟೆಗೆ ಇನ್ನೊಂದು. ಗುಂಪಿಗೆ ಸೇರಿಸುವ ಮೊದಲು ಕೇಳಿ. ಸೇರಿಸಿದ ಕ್ಷಣದಲ್ಲೇ ಅವರ ಫೋನ್ ಸಂಖ್ಯೆ ಗುಂಪಿನಲ್ಲಿರುವ ಅಪರಿಚಿತರಿಗೂ ಕಾಣತೊಡಗುತ್ತದೆ ಎಂಬುದು ನೆನಪಿರಲಿ. ಇದನ್ನು ತಪ್ಪಿಸಲು ಕೆಲವರು ಬ್ರಾಡ್‌ಕಾಸ್ಟ್ ಪಟ್ಟಿ, ಅಂದರೆ ಒಂದೇ ಸಂದೇಶ ಹಲವರಿಗೆ ಬೇರೆಬೇರೆಯಾಗಿ ಹೋಗುವ ವ್ಯವಸ್ಥೆ, ಬಳಸುತ್ತಾರೆ. ಅದರಲ್ಲಿ 256 ಮಂದಿಯನ್ನು ಸೇರಿಸಬಹುದು, ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. 'ನಾನು ಕಳಿಸಿದ್ದೆ', 'ನನಗೆ ಬಂದೇ ಇಲ್ಲ' ಎಂಬ ಜಗಳದಲ್ಲಿ ಅನೇಕ ಬಾರಿ ಇಬ್ಬರೂ ಸತ್ಯವಂತರೇ. ವಾಟ್ಸ್‌ಆ್ಯಪ್ ಇಲ್ಲದವರಿಗೆ ಫೋನ್ ಮಾಡುವ ಕೆಲಸ ಒಬ್ಬರ ಹೆಸರಿನಲ್ಲೇ ಇರಲಿ.

ದಿನಾಂಕವನ್ನು ಬಹುಮತಕ್ಕೆ ಬಿಡಬೇಡಿ. ಅರವತ್ತು ಜನರ ಮುಂದೆ ಐದು ದಿನಾಂಕ ಇಟ್ಟರೆ ಮತ ಹರಿದು ಹಂಚಿಹೋಗುತ್ತದೆ, ಆರನೆಯ ದಿನಾಂಕ ಸೂಚಿಸುವವರು ಹುಟ್ಟಿಕೊಳ್ಳುತ್ತಾರೆ. ಸಂಘಟಕರು ಎರಡು ದಿನಾಂಕ ಆರಿಸಿ, ಅತಿ ದೂರದಿಂದ ಬರಬೇಕಾದ ಹತ್ತು ಮಂದಿಯನ್ನೂ ಬರಲೇಬೇಕಾದ ಶಿಕ್ಷಕರನ್ನೂ ಕೇಳಿ, ಒಂದನ್ನು ಘೋಷಿಸಿಬಿಡಲಿ. ವಿದೇಶದಲ್ಲಿರುವವರಿಗೆ ಒಂಬತ್ತು ತಿಂಗಳ ಮುನ್ಸೂಚನೆ ಬೇಕು, ಹಾಗಾಗಿ ಹುಡುಕಾಟ ನಡೆಯುತ್ತಿರುವಾಗಲೇ ದಿನಾಂಕ ಗೊತ್ತಾಗಬೇಕು. ಘೋಷಿಸಿದ ದಿನಾಂಕವನ್ನು ಒಮ್ಮೆ ಬದಲಿಸಿದರೂ ಮೊದಲು ಟಿಕೆಟ್ ತೆಗೆಸಿದ ಶಿಸ್ತಿನವರಿಗೇ ಪೆಟ್ಟು.

ಹಣದ ಲೆಕ್ಕದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಒಟ್ಟು ಖರ್ಚನ್ನು 'ಬರುತ್ತೇನೆ' ಎಂದವರ ಸಂಖ್ಯೆಯಿಂದ ಭಾಗಿಸುತ್ತಾರೆ. ಸಭಾಂಗಣ, ಧ್ವನಿವರ್ಧಕ, ಛಾಯಾಗ್ರಾಹಕ, ಮುದ್ರಣ, ಇವು ಐವತ್ತು ಜನ ಬಂದರೂ ಅಷ್ಟೇ, ಮೂವತ್ತು ಬಂದರೂ ಅಷ್ಟೇ. ಊಟ ಮಾತ್ರ ತಲೆ ಲೆಕ್ಕದ್ದು. ಸ್ಥಿರ ಖರ್ಚು 100 ಭಾಗ ಎಂದಿಟ್ಟುಕೊಳ್ಳಿ. ಐವತ್ತು ಜನರಾದರೆ ಒಬ್ಬರಿಗೆ 2 ಭಾಗ. ಬಂದವರು ಮೂವತ್ತೆರಡೇ ಆದರೆ 3ಕ್ಕೂ ಮಿಕ್ಕಿ. ಆ ಕೊರತೆ ಕೊನೆಗೆ ಇಬ್ಬರು ಮೂವರು ಸಂಘಟಕರ ಜೇಬಿನಿಂದ ಹೋಗುತ್ತದೆ, ಮುಂದಿನ ಸಮಾವೇಶಕ್ಕೆ ಅವರು ಕೈಹಾಕುವುದಿಲ್ಲ. ಆದ್ದರಿಂದ ಸ್ಥಿರ ಖರ್ಚನ್ನು ಬಂದೇ ಬರುವ ಕನಿಷ್ಠ ಸಂಖ್ಯೆಯಿಂದ ಭಾಗಿಸಿ, ಅದಕ್ಕೆ ಊಟದ ಪಾಲು ಕೂಡಿಸಿ ವಂತಿಗೆ ಗೊತ್ತುಮಾಡಿ. ಉಳಿದರೆ ಹಿಂದಿರುಗಿಸುವುದು ಸುಲಭ, ಸಾಲದೆ ಬಂದಾಗ ಮತ್ತೆ ಕೇಳುವುದು ಕಷ್ಟ. ಊಟದವರಿಗೆ ಕೊಡುವ ಸಂಖ್ಯೆ ಹಣ ಕೊಟ್ಟವರದ್ದಾಗಿರಲಿ, 'ಖಂಡಿತ ಬರ್ತೀನಿ' ಎಂದವರದ್ದಲ್ಲ.

ವಂತಿಗೆ ಕೊಟ್ಟವರ ಹೆಸರುಗಳನ್ನು ಗುಂಪಿನಲ್ಲಿ ದಿನದಿನವೂ ಹಾಕುವ ರೂಢಿಯಿದೆಯಲ್ಲ, ಅದನ್ನು ದಯವಿಟ್ಟು ಬಿಡಿ. ಪಾರದರ್ಶಕತೆ ಎಂದು ಅದನ್ನು ಸಮರ್ಥಿಸುತ್ತಾರೆ. ಅದರ ನಿಜವಾದ ಪರಿಣಾಮವೆಂದರೆ, ಕೊಡಲಾಗದವರು ಸದ್ದಿಲ್ಲದೆ ಗುಂಪು ಬಿಡುತ್ತಾರೆ. ಲೆಕ್ಕ ಬೇಕಾದರೆ ಒಟ್ಟು ಮೊತ್ತ ಹೇಳಿ, ಹೆಸರು ಬೇಡ. ಅನುಕೂಲವಿದ್ದವರು ಹೆಚ್ಚು ಕೊಡಲು ಒಂದು ದಾರಿ ಇರಲಿ, ಅನುಕೂಲವಿಲ್ಲದವರು ಒಬ್ಬರೇ ಒಬ್ಬರ ಕಿವಿಗೆ ಹೇಳಿದರೆ ಸಾಕು ಎಂದಿರಲಿ. ಆ ಒಬ್ಬರು ಬಾಯಿ ಬಿಗಿಹಿಡಿಯಬಲ್ಲವರಾಗಿರಬೇಕು. ತರಗತಿಯಲ್ಲಿ ಅಂಥವರು ಯಾರೆಂದು ಎಲ್ಲರಿಗೂ ಗೊತ್ತಿರುತ್ತದೆ. ಹಣ ಇಬ್ಬರ ಜಂಟಿ ಖಾತೆಯಲ್ಲಿರಲಿ.

ಜಾಗಕ್ಕೆ ಓದಿದ ಶಾಲೆಯೇ ಮೇಲು, ರಜೆಯ ದಿನವಾಗಿದ್ದು ಲಿಖಿತ ಅನುಮತಿ ಇದ್ದರೆ. ಆದರೆ ಹದಿನೈದರ ವಯಸ್ಸಿಗೆ ಮಾಡಿದ ಬೆಂಚು ಐವತ್ತೈದರ ಮಂಡಿಗೆ ಒಗ್ಗದು. ಹಳೆಯ ಬೆಂಚಿನಲ್ಲಿ ಹತ್ತು ನಿಮಿಷ ಕೂತು ಫೋಟೊ ತೆಗೆಸಿಕೊಂಡರೆ ಸಾಕು, ಕಾರ್ಯಕ್ರಮಕ್ಕೆ ಬೆನ್ನು, ಕೈ ಇರುವ ಕುರ್ಚಿಗಳು ಬೇಕು. ನೆಲಮಹಡಿ, ಹತ್ತಿರದಲ್ಲಿ ಶೌಚಾಲಯ, ಮೆಟ್ಟಿಲಿದ್ದರೆ ಇಳಿಜಾರು ಹಾದಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಇಳಿಜಾರಿನ ಅಳತೆ. ಹಲಗೆಯೊಂದನ್ನು ಓರೆಯಾಗಿ ಇಟ್ಟರೆ ಗಾಲಿಕುರ್ಚಿಯಲ್ಲಿ ಬರುವ ಶಿಕ್ಷಕರನ್ನು ಬೀಳಿಸಲು ದಾರಿ ಮಾಡಿದಂತೆ.

ಸಂಗೀತದ ಅಬ್ಬರ ಬೇಡವೇ ಬೇಡ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸದ್ದುಗಳನ್ನು. ಸ, ಶ, ತ, ಪ ಮುಂತಾದ ವ್ಯಂಜನಗಳ ಗುರುತು ಇರುವುದು ಅಲ್ಲೇ. ಸದ್ದಿನ ನಡುವೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಜನ ಸುಮ್ಮನೆ ನಕ್ಕು ತಲೆಯಾಡಿಸುತ್ತಾರೆ. ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. ಒಂದು ತೋಳಿನ ದೂರದಲ್ಲಿರುವವರ ಜತೆ ದನಿ ಏರಿಸಿ ಮಾತಾಡಬೇಕಾದರೆ ಸುತ್ತಲಿನ ಸದ್ದು 85ರ ಹತ್ತಿರ ಹೋಗಿದೆ ಎಂದು ತಿಳಿದು ಧ್ವನಿವರ್ಧಕ ತಗ್ಗಿಸಿ.

ಹೆಸರಿನ ಬಿಲ್ಲೆಯನ್ನು ಎಲ್ಲರೂ ಕೊನೆಯ ದಿನಕ್ಕೆ ಬಿಡುತ್ತಾರೆ. ಆದರೆ ದಿನದ ಅರ್ಧ ಸಂಕೋಚ ಕರಗುವುದು ಅದರಿಂದಲೇ. ಹಳೆಯ ಮುಖ ಎಲ್ಲರಿಗೂ ನೆನಪಿದೆ, ಎದುರಿಗಿರುವುದು ಹೊಸ ಮುಖ. ಅವೆರಡನ್ನೂ ಜೋಡಿಸುವ ಕೊಂಡಿ ಬೇಕು. ಸ್ಕ್ಯಾನ್ ಮಾಡಿದ ಫೋಟೊದಿಂದ ಆ ಮುಖವನ್ನಷ್ಟೇ ಕತ್ತರಿಸಿ ಬಿಲ್ಲೆಯ ಎಡಕ್ಕೆ ಮುದ್ರಿಸಿ, ಬಲಕ್ಕೆ ಶಾಲೆಯಲ್ಲಿ ಕರೆಯುತ್ತಿದ್ದ ಹೆಸರು. ಅಕ್ಷರ 48 ಪಾಯಿಂಟಿಗಿಂತ ಕಡಿಮೆ ಇರದಿರಲಿ. ನಲವತ್ತೈದು ದಾಟಿದ ಕಣ್ಣು, ಮೇಲಾಗಿ ಕನ್ನಡದ ಒತ್ತಕ್ಷರ. ಚಿಕ್ಕದಾಗಿ ಮುದ್ರಿಸಿದರೆ ಎರಡು ಮೀಟರ್ ದೂರದಿಂದ ಒತ್ತು ಗೆರೆಯಂತೆ ಕಾಣುತ್ತದೆ. ಕೊರಳ ದಾರಕ್ಕೆ ಕಟ್ಟಿದ ಬಿಲ್ಲೆ ತಿರುಗಿ ನಿಲ್ಲುವುದು ಅದರ ಸ್ವಭಾವ, ಆದ್ದರಿಂದ ಎರಡೂ ಬದಿಗೆ ಮುದ್ರಿಸಿ. ಹುದ್ದೆ, ಪದವಿ ಬೇಡ. ಅಡ್ಡಹೆಸರನ್ನು ಆ ವ್ಯಕ್ತಿಯನ್ನು ಕೇಳದೆ ಹಾಕಬೇಡಿ. ಆಗ ನಕ್ಕವರು ನಾವು, ಹೊತ್ತವರು ಅವರು.

ಇನ್ನು ದಿನದ ವೇಳಾಪಟ್ಟಿ. ಅರವತ್ತು ಜನ ಒಬ್ಬೊಬ್ಬರಾಗಿ ಮೈಕಿನ ಮುಂದೆ ಮೂರು ನಿಮಿಷ ಪರಿಚಯ ಹೇಳಿಕೊಂಡರೆ 180 ನಿಮಿಷ, ಅಂದರೆ ಮೂರು ಗಂಟೆ. ಮೈಕು ಹಿಡಿದವರು ಮೂರಕ್ಕೆ ನಿಲ್ಲಿಸುವುದಿಲ್ಲ. ಐದಾದರೆ ಐದು ಗಂಟೆ. ಇಪ್ಪತ್ತನೆಯವರ ಹೊತ್ತಿಗೆ ಹಿಂದಿನ ಸಾಲು ಖಾಲಿ, ಅರವತ್ತನೆಯವರ ಮಾತು ಕೇಳಲು ಧ್ವನಿವರ್ಧಕದವನೊಬ್ಬನೇ ಇರುತ್ತಾನೆ. ಇದರ ಬದಲು ಎಂಟೆಂಟು ಜನರ ವೃತ್ತ ಮಾಡಿ. ಅದೇ ಮೂರು ನಿಮಿಷ, 24 ನಿಮಿಷದಲ್ಲಿ ಮುಗಿಯುತ್ತದೆ. ವೃತ್ತಗಳನ್ನು ಮೂರು ಬಾರಿ ಕಲೆಸಿದರೆ ಒಂದೂಕಾಲು ಗಂಟೆಯಲ್ಲಿ ಒಬ್ಬೊಬ್ಬರೂ 21 ಮಂದಿಯವರೆಗೆ ಮುಖಾಮುಖಿ ಕೂತು ಕೇಳಿರುತ್ತಾರೆ. ಯಾರು ಯಾವ ವೃತ್ತ ಎಂಬುದನ್ನು ಬಿಲ್ಲೆಯ ಮೂಲೆಯಲ್ಲಿ ಮೂರು ಅಂಕಿಗಳಾಗಿ ಮೊದಲೇ ಹಾಕಿಡಿ, ಇಲ್ಲವಾದರೆ ಹಳೆಯ ಗುಂಪುಗಳೇ ಮತ್ತೆ ಒಟ್ಟಿಗೆ ಕೂತುಬಿಡುತ್ತವೆ. ಮೊದಲ ವೃತ್ತದಲ್ಲಿ ಕನಿಷ್ಠ ಒಬ್ಬ ಆಪ್ತರು ಇರುವಂತೆ ನೋಡಿಕೊಂಡರೆ ಹೆದರಿ ಬಂದವರಿಗೂ ನೆಲೆ ಸಿಗುತ್ತದೆ.

ವೇದಿಕೆ ಇರಲೇಬೇಕೆಂದರೆ ಒಟ್ಟು 45 ನಿಮಿಷ, ಅದೂ ಬೆಳಗಿನ ಹೊತ್ತು, ಅದೂ ಶಿಕ್ಷಕರಿಗಾಗಿ. ಎಂಬತ್ತು ದಾಟಿದ ಮೇಷ್ಟರನ್ನು ಸಂಜೆಯವರೆಗೆ ಕೂರಿಸಿ ಸನ್ಮಾನ ಮಾಡುವುದು ಹಳೆಯ ಸೇಡು ತೀರಿಸಿಕೊಂಡಂತೆ ಆಗುತ್ತದೆ. ಅವರನ್ನು ಕರೆತರಲು, ಬೇಕೆಂದಾಗ ಮನೆಗೆ ಬಿಡಲು ಒಂದು ವಾಹನ, ಅದಕ್ಕೇ ಮೀಸಲಾದ ಒಬ್ಬ ವ್ಯಕ್ತಿ. ಸಹಪಾಠಿಗಳಲ್ಲಿ ವೈದ್ಯರಿದ್ದರೆ ಅವರ ಸುತ್ತ ಹೊರರೋಗಿ ವಿಭಾಗ ತೆರೆದುಕೊಳ್ಳುವುದನ್ನು ತಡೆಯಲು ಮಾತ್ರ ಯಾವ ಉಪಾಯವೂ ಇಲ್ಲ.

ಭಾಷಣಕ್ಕಿಂತ ಹಾಜರಿ ಕರೆಯುವುದು ಲೇಸು. ಹಳೆಯ ಕ್ರಮಸಂಖ್ಯೆಯಂತೆ, ಸಾಧ್ಯವಾದರೆ ಅಂದಿನ ತರಗತಿ ಶಿಕ್ಷಕರಿಂದಲೇ. ಹೆಸರಿಗೆ ಹತ್ತು ಸೆಕೆಂಡು, ಅರವತ್ತು ಹೆಸರಿಗೆ ಹತ್ತು ನಿಮಿಷ. ಬಂದವರು ಎದ್ದು ಓಗೊಡುತ್ತಾರೆ. ಬಾರದವರ ಸುದ್ದಿಯನ್ನು ಗೊತ್ತಿದ್ದವರು ಒಂದು ವಾಕ್ಯದಲ್ಲಿ ಹೇಳುತ್ತಾರೆ. ತೀರಿಕೊಂಡವರ ಹೆಸರನ್ನೂ ಅದರದರ ಸ್ಥಾನದಲ್ಲೇ ಕರೆದು, ಹತ್ತು ಸೆಕೆಂಡು ಸುಮ್ಮನಿದ್ದು ಮುಂದಿನ ಹೆಸರಿಗೆ ಹೋಗಬೇಕು. ಬೇರೆ ಶ್ರದ್ಧಾಂಜಲಿ ಕಾರ್ಯಕ್ರಮ ಬೇಕಾಗುವುದಿಲ್ಲ. ಕರೆಯುವವರ ಕೈಯಲ್ಲಿರುವ ಹಾಳೆಯಲ್ಲಿ ಆ ಹೆಸರುಗಳಿಗೆ ಗುರುತು ಹಾಕಿರಲಿ, ಶಿಕ್ಷಕರು ಅಲ್ಲಿ ಎಡವಬಾರದು.

ಗ್ರೂಪ್ ಫೋಟೊ ಊಟಕ್ಕೆ ಮುಂಚೆ ಮುಗಿಯಬೇಕು. ಊಟವಾದ ಮೇಲೆ ದೂರದವರು ಹೊರಟಿರುತ್ತಾರೆ. ನೆರಳಿರುವ ಕಡೆ ನಿಲ್ಲಿಸಿ, ಸೂರ್ಯನಿಗೆ ಮುಖ ಮಾಡಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಯಾರೂ ಕಣ್ಣು ಮುಚ್ಚಿರದ ಒಂದು ಚಿತ್ರ ಸಿಗಲು ಎಷ್ಟು ಬಾರಿ ಕ್ಲಿಕ್ಕಿಸಬೇಕೆಂದು ಲೆಕ್ಕ ಹಾಕಿದ ಆಸ್ಟ್ರೇಲಿಯಾದ ಇಬ್ಬರಿಗೆ 2006ರ ಇಗ್ ನೊಬೆಲ್ ಸಿಕ್ಕಿದೆ; ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ವಿನೋದದ ಪ್ರಶಸ್ತಿ ಅದು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ, ಜನರ ಸಂಖ್ಯೆಯ ಮೂರನೇ ಒಂದರಷ್ಟು ಚಿತ್ರ ತೆಗೆದರೆ ಸಾಕೆಂದು ಅವರ ಸೂತ್ರ. ಐವತ್ತು ಜನರಾದರೆ ಅಂಥ ಚಿತ್ರದ ಆಸೆಯನ್ನೇ ಬಿಡಬೇಕಂತೆ. ಆದ್ದರಿಂದ ಕ್ಯಾಮೆರಾ ಕದಲಿಸದೆ ಹತ್ತು ಹನ್ನೆರಡು ಚಿತ್ರ ತೆಗೆಸಿ, ಕಣ್ಣು ಮುಚ್ಚಿದವರ ಮುಖವನ್ನು ಇನ್ನೊಂದರಿಂದ ಜೋಡಿಸಲು ಛಾಯಾಗ್ರಾಹಕರಿಗೆ ಮೊದಲೇ ಹೇಳಿ. ಫೋಟೊಗಳನ್ನು ಫೇಸ್‌ಬುಕ್‌ಗೆ ಏರಿಸುವ ಮುನ್ನ ಬೇಡವೆನ್ನುವವರು ಇದ್ದಾರೆಯೇ ಎಂದು ಕೇಳುವುದು ಕಡ್ಡಾಯವಾಗಲಿ.

ಗಂಡ, ಹೆಂಡತಿ, ಮಕ್ಕಳನ್ನು ಕರೆತರಬಹುದೇ ಎಂಬ ಪ್ರಶ್ನೆಗೆ ಮೊದಲ ಪ್ರಕಟಣೆಯಲ್ಲೇ ಉತ್ತರವಿರಬೇಕು. ಬೇಡ ಎಂಬುದು ನಮ್ಮ ಸಲಹೆ. ಬಂದವರು ಬೇಸರದಿಂದ ಗಡಿಯಾರ ನೋಡುತ್ತಾರೆ, ಕರೆತಂದವರು ಅವರನ್ನು ನೋಡುತ್ತಾ ಮಾತು ಮೊಟಕುಗೊಳಿಸುತ್ತಾರೆ. ವಿಮೆ, ನಿವೇಶನ, ಚುನಾವಣೆಯ ಮಾತು ಅಂದು ನಿಷಿದ್ಧ ಎಂದೂ ಸ್ಪಷ್ಟವಾಗಿ ಬರೆಯಿರಿ. ಶಾಲೆಗೆ ದೇಣಿಗೆ ಕೊಡುವ ವಿಚಾರವನ್ನು ವೇದಿಕೆಯಲ್ಲಿ ಎತ್ತಬೇಡಿ. ಚಪ್ಪಾಳೆಯ ನಡುವೆ ಘೋಷಿಸಿದ ಮೊತ್ತ ವಸೂಲಾಗುವುದು ಅಪರೂಪ, ಆಮೇಲೆ ಅದನ್ನು ಕೇಳುವ ಕೆಲಸ ಗೆಳೆತನವನ್ನೇ ಕೆಡಿಸುತ್ತದೆ. ಒಂದು ತಿಂಗಳು ಬಿಟ್ಟು, ಶಾಲೆಗೆ ಏನು ಬೇಕೆಂದು ಕೇಳಿಕೊಂಡು, ಬೇರೆಯಾಗಿ ಮಾತಾಡಿ.

ಮುಗಿದ ಒಂದು ವಾರದೊಳಗೆ ಜಮಾ ಖರ್ಚು ಪ್ರಕಟಣೆಯ ಗುಂಪಿಗೆ ಹೋಗಬೇಕು, ಉಳಿದ ಹಣ ಏನಾಯಿತೆಂಬುದರ ಸಮೇತ. ಬಾರದವರಿಗೂ ಗ್ರೂಪ್ ಫೋಟೊ ತಲುಪಲಿ. ಪಟ್ಟಿಯ ಎಕ್ಸೆಲ್ ಹಾಳೆಯನ್ನು ಇಬ್ಬರು ಬೇರೆಬೇರೆ ಕಡೆ ಇಟ್ಟುಕೊಳ್ಳಲಿ; ಒಬ್ಬರ ಫೋನು ಕಳೆದುಹೋದರೆ ಆರು ತಿಂಗಳ ಹುಡುಕಾಟವೂ ಕಳೆದುಹೋಗುತ್ತದೆ. 'ನನ್ನ ಸಂಖ್ಯೆ ಇಟ್ಟುಕೊಳ್ಳಬೇಡಿ' ಎಂದವರದನ್ನು ಅಳಿಸಿ, ಹೆಸರನ್ನು ಮಾತ್ರ ಪಟ್ಟಿಯಲ್ಲೇ ಬಿಡಿ.

ಇಂತಿ,
ಸಹಪಾಠಿ ಸಮಾವೇಶಗಳ ಸಂಘಟನೆಯಲ್ಲಿ ತೊಡಗಿರುವ ಕೆಲವು ಓದುಗರು